ಭಾವನ ದಾನ, ಅಕ್ಕನ ಸಾರು

ನಮ್ಮ ಭಾವ ಶಿವಕುಮಾರಪ್ಪನವರಷ್ಟು ದೊಡ್ಡ ಮನಸ್ಸಿನವರು ಹೊಳಲ್ಕೆರೆಯಿಂದ ಹೊಸದುರ್ಗದವರೆಗೆ ಹುಡುಕಿದರೂ ಸಿಗುವುದಿಲ್ಲ ಅಂತ ಜನ ಹೇಳುತ್ತಾರೆ. ಹೇಳಲಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ದೊಡ್ಡ ಮನಸ್ಸು ಒಲೆಯ ಮೇಲೆ ಹೇಗೆ ಬೇಯುತ್ತದೆ ಅನ್ನುವುದನ್ನು ನಾನು ಮನೆ ಪಾಲಾದಾಗಿನಿಂದ ಕೇಳಿಸಿಕೊಂಡಿದ್ದೇನೆ.

ಭಾವ ಅಂದರೆ ನನ್ನ ಗಂಡನ ಅಣ್ಣ. ಅವರ ಹೆಂಡತಿ ಏಕಾಂತಮ್ಮ ನನ್ನ ವಾರಗಿತ್ತಿ. ನಾನು ಅಕ್ಕ ಅನ್ನುತ್ತೇನೆ. ಪಾಲಾಗಿ ಒಲೆ ಬೇರೆಯಾದ ಮೇಲೂ ಹಾಗೇ ಅನ್ನುತ್ತೇನೆ, ಯಾಕೆಂದರೆ ಪಾಲಾಗಿದ್ದು ಅಣ್ಣತಮ್ಮಂದಿರಿಗೆ, ನಮಗಲ್ಲ.

ಭಾವನ ದಿನಚರಿ ಬಹಳ ಕಷ್ಟದ್ದು. ಬೆಳಿಗ್ಗೆ ಹೊಲದ ಬದುವಿನ ಮೇಲೆ ನಿಂತು ಆಳುಗಳು ಬಗ್ಗಿದ್ದಾರೋ ಇಲ್ಲವೋ ಅಂತ ನೋಡಬೇಕು. ಅದಾದ ಮೇಲೆ ಸ್ನಾನ, ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಿಸಿಲು ಏರುವ ಹೊತ್ತಿಗೆ ಬಸ್‌ಸ್ಟಾಪಿನ ಕಟ್ಟೆ ಮೇಲೆ ಹಾಜರಿ. ಸಿರಿಗೆರೆಯಿಂದ ಬರುವ ಬಸ್ಸು, ಚಿತ್ರದುರ್ಗಕ್ಕೆ ಹೋಗುವ ಬಸ್ಸು, ಎರಡನ್ನೂ ಅವರೇ ಓಡಿಸುತ್ತಿದ್ದಾರೇನೋ ಅನ್ನುವ ಹಾಗೆ ಕಾಯುತ್ತಾರೆ. ಯಾರೇ ಇಳಿಯಲಿ, ಅವರ ಮೊದಲ ಮಾತು, "ಯಾವೂರಾತು?" ಎರಡನೆಯ ಮಾತು, "ಹೊತ್ತಾಗೈತೆ, ಬರ್ರಿ, ನಮ್ಮನ್ಯಾಗೆ ಊಟ ಮಾಡ್ಕಂಡು ಹೋಗೀರಂತೆ."

ಬಂದವನು ಬೇಡ ಅನ್ನುತ್ತಾನೆ. ಭಾವ ಅವನ ಕೈಚೀಲ ಕಿತ್ತುಕೊಂಡು ಮುಂದೆ ನಡೆಯುತ್ತಾರೆ. ಚೀಲ ಹೋದ ದಾರಿಯಲ್ಲಿ ಮನುಷ್ಯನೂ ಹೋಗಲೇಬೇಕಲ್ಲ. ಕರೆಂಟಿನ ಮೀಟರ್ ನೋಡಲು ಬಂದವನು, ಸೊಸೈಟಿಯ ಕಾರ್ಯದರ್ಶಿ, ಬೀಜದ ಕಂಪನಿಯ ಏಜೆಂಟು, ಬಿ.ದುರ್ಗಕ್ಕೆ ಹೋಗಬೇಕಾಗಿದ್ದು ತಪ್ಪಿ ನಮ್ಮೂರಲ್ಲಿ ಇಳಿದವನು, ಎಲ್ಲರೂ ಆ ಮನೆಯ ಪಡಸಾಲೆಯಲ್ಲಿ ಉಂಡಿದ್ದಾರೆ. ಒಂದು ಸಲ ನಮ್ಮ ಮೇಲೆ ಗಡಿ ತಕರಾರಿನ ಅರ್ಜಿ ಹಾಕಿದ್ದವನನ್ನೂ ಕರೆದುಕೊಂಡು ಬಂದಿದ್ದರು. ಅವನು ಉಂಡು, ಕೈ ತೊಳೆದು, ತಾಲ್ಲೂಕು ಆಫೀಸಿಗೆ ಹೋದ.

ಈಗ ಒಳಗಿನ ಸಂಗತಿ ಹೇಳುತ್ತೇನೆ.

ಅಕ್ಕನ ತವರು ಮಾಡದಕೆರೆ. ಆ ಮನೆಯ ಬಸ್ಸಾರು ಅಂದರೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರು. ಬಸ್ಸಾರಿನಲ್ಲಿ ನೀರೇ ಸಾರು. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಇರುತ್ತದಲ್ಲ, ಅದರಲ್ಲಿ ಕಾಳಿನ ಸತ್ವ ಇಳಿದಿರುತ್ತದೆ. ಬೇಯಿಸುವಾಗ ಎಷ್ಟು ನೀರಿಡಬೇಕು ಅನ್ನುವುದರಲ್ಲೇ ಎಲ್ಲ ವಿದ್ಯೆ. ಕಮ್ಮಿಯಾದರೆ ಬಸಿಯಲು ಏನೂ ಇರುವುದಿಲ್ಲ, ಹೆಚ್ಚಾದರೆ ರುಚಿ ಇರುವುದಿಲ್ಲ. ಆಮೇಲೆ ಖಾರ ರುಬ್ಬಿ ಹಾಕಿ ಕುದಿಸಿದ ಸಾರಿಗೆ ಮತ್ತೆ ನೀರು ಸುರಿಯುವುದು ಅಂದರೆ ಮಾಡಿದ್ದನ್ನೆಲ್ಲ ತೊಳೆದು ಬಚ್ಚಲಿಗೆ ಬಿಟ್ಟ ಹಾಗೆ. ಅಕ್ಕ ಇದನ್ನೆಲ್ಲ ತಾಯಿಯ ಪಕ್ಕ ಕೂತು ಕಲಿತು ಬಂದವಳು. ಅವಳು ಹೊಸದಾಗಿ ಬಂದಾಗ ಮಾವನವರು ಮುದ್ದೆ ಮುಗಿದ ಮೇಲೂ ತಟ್ಟೆ ಬಿಟ್ಟು ಏಳುತ್ತಿರಲಿಲ್ಲವಂತೆ.

ಮಾವನವರು ಹೋದರು, ಮನೆ ಪಾಲಾಯಿತು, ಆಚೆಮನೆಯ ಯಜಮಾನಿಕೆ ಭಾವನ ಕೈಗೆ ಬಂತು. ಯಜಮಾನಿಕೆಯ ಜೊತೆ ಈ ದಾನದ ಹುಚ್ಚೂ ಬಂತು. ಅಕ್ಕ ಮನೆಮಂದಿಗೆ ಸರಿಯಾಗಿ ಸಾರು ಕುದಿಸಿ ಇಳಿಸಿರುತ್ತಾಳೆ. ಅಷ್ಟರಲ್ಲಿ ಪಡಸಾಲೆಯಿಂದ ಕೂಗು ಬರುತ್ತದೆ, "ಏಕಾಂತೀ, ಮೂರು ಜನ ಬಂದವ್ರೆ, ಸ್ವಲ್ಪ ಹೊಂದಿಸು."

ಹೊಂದಿಸು ಅನ್ನುವುದು ಭಾವನಿಗೆ ಬಹಳ ಇಷ್ಟದ ಮಾತು. ಜೀವನದಲ್ಲಿ ಹೊಂದಿಸಿಕೊಂಡು ಹೋಗಬೇಕು ಅಂತ ಕಟ್ಟೆ ಮೇಲೆ ಕೂತು ಊರಿಗೆಲ್ಲ ಉಪದೇಶ ಮಾಡುತ್ತಾರೆ. ಅವರು ಯಾವತ್ತೂ ಏನನ್ನೂ ಹೊಂದಿಸಿದ್ದನ್ನು ನಾನು ಕಂಡಿಲ್ಲ. ಹೊಂದಿಸುತ್ತಿದ್ದದ್ದು ಅಕ್ಕ, ಒಂದು ಚೊಂಬು ನೀರಿನಿಂದ. ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. ಮೊದಲು ಪಾತ್ರೆಯ ಮುಚ್ಚಳ ತೆಗೆದ ಸದ್ದು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ನೀರು ಬಿದ್ದ ಸದ್ದು. ಆ ನಡುವಿನ ಸ್ವಲ್ಪ ಹೊತ್ತಿದೆಯಲ್ಲ, ಆಗೆಲ್ಲ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಗೋಡೆಯ ಕಡೆ ನೋಡುತ್ತಿದ್ದೆ.

ಗಂಡಸರು ಉಂಡು ಏಳುತ್ತಾರೆ. ಕಟ್ಟೆಗೆ ಬಂದು ಎಲೆಅಡಿಕೆ ಹಾಕಿಕೊಳ್ಳುತ್ತಾ ಹೇಳುತ್ತಾರೆ, "ಶಿವಕುಮಾರಪ್ಪನೋರು ದೇವ್ರಂಥ ಮನುಷ್ಯ. ಆಯಮ್ಮನ ಕೈಯಾಗೆ ಮಾತ್ರ ಅಡುಗೆ ಕೂರಲ್ಲ ಬಿಡ್ರಿ." ಊರಲ್ಲಿ ಅಕ್ಕನಿಗೆ ನೀರ್‌ಸಾರಮ್ಮ ಅಂತ ಹೆಸರು ಬಿತ್ತು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರೆ. ಇಲ್ಲಿ ಜಾತ್ರೆಯ ಪುಣ್ಯ ಗಂಡನಿಗೆ, ಅಪವಾದ ಹೆಂಡತಿಗೆ. ಬಂದವರ ಹೊಟ್ಟೆ ತುಂಬಿದ್ದು ನೀರಿನಿಂದ, ಭಾವನ ಹೆಸರು ತುಂಬಿದ್ದೂ ಅದೇ ನೀರಿನಿಂದ.

ಒಂದು ದಿನ ತಡೆಯಲಾಗದೆ ಕೇಳಿದೆ, "ನೀರು ಯಾಕೆ ಹಾಕ್ತೀಯಕ್ಕ? ಇರೋದನ್ನೇ ಬಡಿಸು. ಸಾಲದಿದ್ರೆ ಕರ್ಕಂಡು ಬಂದೋರು ನೋಡ್ಕಳ್ಳಿ."

"ಮನೆ ಬಾಗಿಲಿಗೆ ಬಂದೋರ ತಟ್ಟೆ ಖಾಲಿ ಬಿಡಾಕಾಗುತ್ತೇನೆ?"

"ಹಂಗಾದ್ರೆ ಮೊದ್ಲೇ ಜಾಸ್ತಿ ಮಾಡು."

"ಮಾಡಿ ನೋಡ್ಲಿಲ್ವಾ? ನಾನು ಜಾಸ್ತಿ ಮಾಡಿದ ದಿನ ಯಾರೂ ಬರಲ್ಲ. ಉಳಿದಿದ್ದು ಎಮ್ಮೆ ಮುಸುರೆಗೆ ಹೋದ್ರೆ, ಮನೆ ಹಾಳ್ ಮಾಡ್ತಾಳೆ ಅಂತ ನಿಮ್ ಭಾವನೇ ಕೂಗಾಡ್ತಾರೆ."

ಅದೂ ನಿಜವೇ. ಭಾವನಿಗೆ ದಾನ ಮಾಡಬೇಕು, ಆದರೆ ಏನೂ ಖರ್ಚಾಗಬಾರದು. ಇಂಥ ದಾನಕ್ಕೆ ನೀರನ್ನು ಬಿಟ್ಟರೆ ಬೇರೆ ಪದಾರ್ಥ ಲೋಕದಲ್ಲಿಲ್ಲ.

ಈ ವರ್ಷ ಶಾಲೆ ಶುರುವಾದಾಗ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಸಿದ್ದಕ್ಕ ಕೆಲಸ ಬಿಟ್ಟು ಹಿರಿಯೂರಿನ ಮಗಳ ಮನೆಗೆ ಹೊರಟಳು. ಅವಳ ಜಾಗಕ್ಕೆ ಯಾರು ಅಂತ ಮಾತು ನಡೆದಿತ್ತು. ಬಟ್ಟೆ ಒಗೆಯುವಾಗ ಅಕ್ಕ ನನ್ನ ಕಡೆ ನೋಡದೆ ಹೇಳಿದಳು, "ನಾನು ಕೇಳಾಣ ಅಂತಿದೀನಿ."

ನನಗೆ ನಗು ಬಂತು. ಮನೆಯಲ್ಲಿ ಉಣ್ಣುವುದಕ್ಕೆ ಉಡುವುದಕ್ಕೆ ಕಮ್ಮಿಯಿಲ್ಲ. ಅಲ್ಲಿ ಸಿಗುವ ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಮನೆಯ ಒಲೆ ಸಾಲದೆ ಶಾಲೆಯ ಒಲೆಯೂ ಬೇಕೇ ಅಂತ ಕೇಳಿದೆ.

ಅಕ್ಕ ಸೀರೆ ಹಿಂಡಿ ಪಕ್ಕಕ್ಕಿಟ್ಟಳು. "ಅಲ್ಲಿ ಎಷ್ಟು ತಟ್ಟೆ ಅಂತ ಬೆಳಿಗ್ಗೇನೇ ಹೇಳ್ತಾರಂತೆ ಕಣೆ ಯಶೋಧಾ. ಒಲೆ ಹಚ್ಚಾಕೆ ಮುಂಚೆನೇ. ಸಾರು ಇಳಿಸಿದ ಮೇಲೆ ಯಾರೂ ಬರಲ್ವಂತೆ."

ನನ್ನ ನಗು ಅಲ್ಲಿಗೇ ನಿಂತಿತು. ಜನ ದೇವರ ಹತ್ತಿರ ಏನೇನೋ ಬೇಡಿಕೊಳ್ಳುತ್ತಾರೆ. ಇವಳಿಗೆ ಬೇಕಾಗಿದ್ದು ಇಷ್ಟೇ. ತಾನು ಮಾಡಿದ ಸಾರು ತಾನು ಮಾಡಿದ ಹಾಗೆಯೇ ಒಬ್ಬರ ತಟ್ಟೆಗೆ ಬೀಳಬೇಕು, ನೀರ್‌ಸಾರಮ್ಮ ಅನ್ನುವ ಹೆಸರು ಅಳಿಯಬೇಕು. ಬೇರೆ ಯಾವ ಒಲೆಯ ಮುಂದೆಯೂ ಅವಳಿಗೆ ಅದು ಸಾಧ್ಯವಿರಲಿಲ್ಲ.

ಶಾಲೆಯ ಸಮಿತಿಯ ಸಭೆ ಸೇರಿತು. ಅಧ್ಯಕ್ಷ ಮಂಜಣ್ಣ ತನ್ನ ತಮ್ಮನ ಹೆಂಡತಿ ಸುಮಾಳ ಹೆಸರು ಹಿಡಿದು ಕೂತಿದ್ದ. ಭಾವ ಸಮಿತಿಯಲ್ಲಿ ಇಲ್ಲ, ಆದರೆ ಅವರಿಗೆ ಕುರ್ಚಿ ಹಾಕದೆ ನಮ್ಮೂರಲ್ಲಿ ಯಾವ ಸಭೆಯೂ ನಡೆಯುವುದಿಲ್ಲ. ನನ್ನ ಗಂಡ ಸದಸ್ಯರು, ಅಲ್ಲಿಂದ ಬಂದು ನಡೆದಿದ್ದನ್ನು ನನಗೆ ಹೇಳಿದರು. ಏಕಾಂತಮ್ಮನ ಹೆಸರು ಬಂದ ಕೂಡಲೇ ಮಂಜಣ್ಣ ತಲೆ ಕೆರೆದುಕೊಂಡು, "ಬೇಜಾರ್ ಮಾಡ್ಕಬ್ಯಾಡ್ರಿ ಶಿವಕುಮಾರಪ್ಪನೋರೆ, ನಾವೆಲ್ಲ ನಿಮ್ಮನೇಲಿ ಉಂಡೀವಿ. ಸಾರು ಒಂಚೂರು ತೆಳ್ಳಗೆ ಅಲ್ವೇನ್ರಿ?" ಅಂದನಂತೆ.

ಭಾವ ಏನನ್ನಬೇಕಿತ್ತು? ಬಾಯಿ ತುಂಬ ನಕ್ಕು ಹೇಳಿದ್ದು ಇದು: "ಒಂಚೂರೇನು, ಅದ್ರಾಗೆ ಮುಖ ನೋಡ್ಕಬಹುದು. ಮದುವೆ ಆದಾಗಿಂದ ಕುಡೀತಾ ಇದೀನಪ್ಪ, ಏನ್ ಮಾಡ್ಲಿ. ಹೊಂದಿಸ್ಕಂಡು ಹೋಗ್ತಾ ಇದೀನಿ."

ಸಭೆಯೆಲ್ಲ ನಕ್ಕಿತಂತೆ. ನನ್ನ ಗಂಡನೂ ನಕ್ಕಿರಬೇಕು, ಆ ಭಾಗವನ್ನು ಬೇಗ ದಾಟಿಸಿ ಹೇಳಿದರು. ನನಗೆ ಮೈ ಉರಿದುಹೋಯಿತು. ನನ್ನ ಗಂಡನ ದನಿ ಮೊದಲೇ ದೊಡ್ಡದು. ಗೋಡೆಯಾಚೆ ತಿರುಗುತ್ತಿದ್ದ ಮಿಕ್ಸಿ ನಿಂತಿತ್ತು. ಬಹಳ ಹೊತ್ತು ಮತ್ತೆ ತಿರುಗಲಿಲ್ಲ.

ಮಾರನೆಯ ದಿನ ಅಕ್ಕ ಯಾರನ್ನೂ ಕೇಳದೆ ಶಾಲೆಗೆ ಹೋಗಿ ಹೆಡ್‌ಮಾಸ್ತರರ ಮುಂದೆ ನಿಂತಳು. ನಾಗಭೂಷಣ ಮೇಷ್ಟ್ರು ಹೊರಗಿನಿಂದ ಬಂದವರು. ಡಬ್ಬಿ ತಂದುಕೊಂಡು ಉಣ್ಣುವ ಸಂಕೋಚದ ಮನುಷ್ಯ, ಹಾಗಾಗಿ ಭಾವನ ಪಡಸಾಲೆಗೆ ಇನ್ನೂ ಸಿಕ್ಕಿಬಿದ್ದಿರಲಿಲ್ಲ. "ಒಂದ್ ದಿನ ನಾನು ಮಾಡ್ತೀನಿ ಸಾರ್. ಸಮಿತಿಯೋರು ಬಂದು ಉಂಡು ನೋಡ್ಲಿ. ಚೆನ್ನಾಗಿಲ್ಲ ಅಂದ್ರೆ ನಾನು ಮತ್ತೆ ಕೇಳಲ್ಲ," ಅಂದಳು. ಮೇಷ್ಟ್ರು ಶುಕ್ರವಾರ ಅಂದರು. ಉಂಡವರು ಒಪ್ಪಿದರೆ ಕೆಲಸ ಅಕ್ಕನಿಗೆ, ಇಲ್ಲದಿದ್ದರೆ ಸುಮಾಳಿಗೆ ಅಂತ ಮಂಜಣ್ಣನೂ ತಲೆಯಾಡಿಸಿದ. ನೀರ್‌ಸಾರಮ್ಮ ಗೆಲ್ಲುತ್ತಾಳೆ ಅನ್ನುವ ಭಯ ಅವನಿಗೆ ಇರಲಿಲ್ಲ.

ಶುಕ್ರವಾರ ನಾನೂ ಅಡುಗೆಯ ನೆರವಿಗೆ ಅಂತ ಹೋದೆ. ಮೇಷ್ಟ್ರು ಹಾಜರಿ ತೆಗೆದು ಬಂದು, ಮಕ್ಕಳೆಷ್ಟು, ಟೀಚರ್‌ಗಳೆಷ್ಟು, ಸಮಿತಿಯವರೆಷ್ಟು ಅಂತ ಹೇಳಿದರು. "ಅಡುಗೆಯೋರು ನೀವಿಬ್ರು, ಅದೂ ಸೇರಿಸ್ಕಳ್ರಿ," ಅಂದರು.

"ಇನ್ಯಾರಾದ್ರೂ ಬರ್ತಾರಾ ಸಾರ್?" ಅಂದಳು ಅಕ್ಕ.

"ಇನ್ಯಾರು ಬರ್ತಾರಮ್ಮ?"

"ಅಲ್ಲ, ಯಾರಾದ್ರೂ."

"ಇಲ್ಲಮ್ಮ, ಯಾರೂ ಬರಲ್ಲ."

ಮೇಷ್ಟ್ರು ಅತ್ತ ಹೋದ ಮೇಲೆ ಅಕ್ಕ ನನ್ನ ಮುಖ ನೋಡಿದಳು. ಹೊಸ ಸೀರೆ ಕೊಟ್ಟರೂ ಅವಳ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲಿನದನ್ನು ನೋಡಬೇಕಿತ್ತು. ಅಕ್ಕಿ ಮುಷ್ಟಿಯಲ್ಲಿ ಹಿಡಿದು, ಒಂದು ಕಾಳು ಹಲ್ಲಿನಲ್ಲಿ ಕಡಿದು, "ಹಳೇ ಅಕ್ಕಿ ಕಣೆ, ನೀರು ಕುಡಿಯುತ್ತೆ," ಅಂದಳು. ತೊಗರಿಬೇಳೆ ಬೇಯಿಸಿ, ಕುಂಬಳಕಾಯಿ, ನುಗ್ಗೆಸೊಪ್ಪು ಹಾಕಿ ಸಾರಿಗಿಟ್ಟಳು. ನೀರು ಸ್ವಲ್ಪ ಹಾಕುವುದು, ತಿರುವುವುದು, ಸೌಟು ಎತ್ತಿ ಸುರಿದು ನೋಡುವುದು, ಮತ್ತೆ ಸ್ವಲ್ಪ ಹಾಕುವುದು. ಸಾರು ಸೌಟಿನ ಬೆನ್ನಿಗೆ ತೆಳ್ಳಗೆ ಹಿಡಿದುಕೊಂಡಾಗ ನೀರಿನ ಚೊಂಬನ್ನು ದೂರ ಇಟ್ಟಳು. ಒಗ್ಗರಣೆ ಬಿದ್ದ ಕೂಡಲೇ ಒಂದನೇ ತರಗತಿಯ ಮಕ್ಕಳು ಕಿಟಕಿಗೆ ಬಂದು ನಿಂತವು.

ಆಗ ಅವಳಿಗೆ ಫೋನು ಬಂತು. ಅವಳ ಕೈ ಒದ್ದೆ, ನಾನೇ ಒತ್ತಿ ಅವಳ ಕಿವಿಗೆ ಹಿಡಿದೆ. ಭಾವ.

"ಏಕಾಂತೀ, ಕಟ್ಟೆ ಮೇಲೆ ಒಂದು ಎಂಟ್ಹತ್ತು ಜನ ಅವ್ರೆ. ಇವತ್ತು ನಮ್ಮನೇವ್ಳ ಅಡುಗೆ ಪರೀಕ್ಷೆ ಅಂತ ಎಲ್ಲಾರ್ಗೂ ಹೇಳೀನಿ. ಕರ್ಕಂಡು ಬರ್ತೀನಿ. ನಾಕು ಜನ ಉಂಡು ಚೆನ್ನಾಗೈತೆ ಅಂದ್ರೆ ನಿನಗೇ ಒಳ್ಳೇದು. ಸ್ವಲ್ಪ ಹೊಂದಿಸು."

ಅಷ್ಟು ಹೇಳಿ ಇಟ್ಟರು. ಭಾವನಲ್ಲಿ ಕೆಟ್ಟತನ ಇದೆ ಅಂತ ನಾನು ಹೇಳುವುದಿಲ್ಲ. ಹೆಂಡತಿಗೆ ಉಪಕಾರ ಮಾಡುತ್ತಿದ್ದೇನೆ ಅಂತಲೇ ಅವರು ನಂಬಿದ್ದರು. ಓಟಿಗೆ ನಿಂತವರ ಪರವಾಗಿ ಜನ ಸೇರಿಸಿದ ಹಾಗೆ ಸೇರಿಸಿದ್ದರು. ಕೆಟ್ಟವರಾದರೆ ಬೈದು ಸುಮ್ಮನಾಗಬಹುದು, ಇಂಥ ಒಳ್ಳೆಯವರನ್ನು ಏನು ಮಾಡುವುದು?

ಅಕ್ಕ ಪಾತ್ರೆಯ ಮುಂದೆ ನಿಂತಳು. ಮುಚ್ಚಳ ತೆಗೆದಳು. ಗೋಡೆಯಾಚೆ ಇಷ್ಟು ವರ್ಷ ಕೇಳಿಸಿಕೊಂಡಿದ್ದನ್ನು ಮೊದಲ ಸಲ ಕಣ್ಣಲ್ಲಿ ನೋಡುತ್ತಿದ್ದೆ. ಅವಳ ಕೈ ತಾನಾಗಿ ಚೊಂಬಿನ ಕಡೆ ಹೋಯಿತು, ನೀರಿನ ಕೊಡದಲ್ಲಿ ಅದ್ದಿ ಎತ್ತಿತು. ಹಾಕಬೇಡ ಅಂತ ನಾನು ಹೇಳಿ ಮಾಡಿಸುವ ಕೆಲಸ ಅದಲ್ಲ.

ಅಕ್ಕ ಆ ನೀರನ್ನು ತಾನೇ ಗಟಗಟ ಕುಡಿದಳು. ಆಮೇಲೆ ಮುಚ್ಚಳ ಮುಚ್ಚಿ, ಗ್ಯಾಸ್ ಆರಿಸಿ, "ಗಂಟೆ ಹೊಡೀರಿ ಅಂತ ಹೇಳೋಗು," ಅಂದಳು.

ಮೊದಲು ಮೇಷ್ಟ್ರು ರುಚಿ ನೋಡಬೇಕು, ಅದು ಪದ್ಧತಿ. ಒಂದು ತುತ್ತು ಉಂಡವರೇ ತಾವು ತಂದಿದ್ದ ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿದರು. ಮಕ್ಕಳು ಉಂಡವು, ಕೆಲವು ಮತ್ತೆ ಕೇಳಿದವು, ಅಕ್ಕ ಬಡಿಸಿದಳು. ಸಮಿತಿಯವರು ಉಂಡರು. ತಪ್ಪು ಹುಡುಕಲು ಬಂದ ಮಂಜಣ್ಣ ತಟ್ಟೆಯಲ್ಲಿ ಏನೂ ಬಿಡದೆ ಹುಡುಕಿದ. ಎರಡನೇ ಸಲ ಬಡಿಸಿಕೊಂಡು ಮತ್ತೆ ಹುಡುಕಿದ. ಕೊನೆಗೆ ಬೆರಳು ನೆಕ್ಕುತ್ತಾ ಕೂತಿದ್ದಾಗ ಗೇಟಿನ ಹತ್ತಿರ ಭಾವನ ದನಿ ಕೇಳಿಸಿತು.

"ಬರ್ರಿ ಬರ್ರಿ, ಸಂಕೋಚ ಮಾಡ್ಕಬ್ಯಾಡ್ರಿ. ನಮ್ದೇ ಶಾಲೆ. ಇಲ್ಲೇ ಸಾಲಾಗಿ ಕುಂತ್ಕಳ್ರಿ."

ಬಂದವರು ಜಗಲಿಯಲ್ಲಿ ಸಾಲಾಗಿ ಕೂತರು. ಏಜೆಂಟು ಇದ್ದ, ಗೊಬ್ಬರದ ಲಾರಿಯವನಿದ್ದ, ನಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದ್ದ ಎತ್ತಪ್ಪ ಇದ್ದ. ಭಾವ ನಡುವೆ ನಿಂತು ಬಡಿಸುವವರನ್ನು ಕಾಯುತ್ತಿದ್ದರು. ಅಕ್ಕ ಒರೆಸಿಕೊಂಡ ಕೈಯನ್ನು ಮುಗಿದು ಹೊರಗೆ ಬಂದಳು.

"ತಪ್ಪು ತಿಳ್ಕಬ್ಯಾಡ್ರಿ. ಇದು ಮಕ್ಕಳ ಊಟ. ಎಷ್ಟು ಹೇಳಿದ್ರೋ ಅಷ್ಟಕ್ಕೇ ಮಾಡಿದ್ದು. ಆಗೋಯ್ತು."

ಎತ್ತಪ್ಪ ಕಂಬಳಿ ಹೆಗಲಿಗೇರಿಸಿಕೊಂಡು ಎದ್ದ. "ನಾನು ಬುತ್ತಿ ತಂದೀನಿ ಅಂದ್ರೂ ಕೇಳ್ಲಿಲ್ಲ ಇವ್ರು. ಹುಡುಗ್ರ ಅನ್ನಕ್ಕೆ ನಾವ್ ಬಂದು ಕೂರಾದು ಅಂದ್ರೆ ಏನು," ಅಂತ ತನ್ನಷ್ಟಕ್ಕೆ ಅಂದುಕೊಂಡು ಹೊರಟ. ಉಳಿದವರು ಚಪ್ಪಲಿಯ ಕಡೆ ನೋಡತೊಡಗಿದರು.

ಭಾವನ ಮುಖ ಕೆಂಪಾಯಿತು. ಅಡುಗೆಮನೆಯ ಬಾಗಿಲಿಗೆ ಬಂದು ಒಳಗೆ ಇಣುಕಿದರು. ಒಲೆಯ ಪಕ್ಕ ಚಿಕ್ಕ ಪಾತ್ರೆಯಲ್ಲಿ ನಮ್ಮಿಬ್ಬರ ಪಾಲಿನ ಸಾರು ಇತ್ತು. "ಮರ್ಯಾದೆ ಕಳೀಬ್ಯಾಡ ಏಕಾಂತೀ," ಅಂದರು. "ಅಗೋ, ಅಲ್ಲಿ ಇನ್ನೂ ಐತಲ್ಲ. ದಿನಾ ಮಾಡ್ದಂಗೆ ಅದಕ್ಕೆ ಒಂದ್ ಚೊಂಬು ನೀರ್ ಹಾಕಿ ಹೊಂದಿಸು. ಎಲ್ಲಾರ್ಗೂ ಆಗುತ್ತೆ."

ಅವರ ದನಿಯೂ ತಮ್ಮನ ದನಿಯ ಹಾಗೇ ದೊಡ್ಡದು. ಆ ಮನೆತನದಲ್ಲಿ ಯಾರಿಗೂ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

ಜಗಲಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಮಂಜಣ್ಣನ ಬೆರಳು ಬಾಯಿಯಿಂದ ಹೊರಗೆ ಬಂತು. ಖಾಲಿ ತಟ್ಟೆ ನೋಡಿದ, ಭಾವನನ್ನು ನೋಡಿದ. "ಅಲ್ಲ ಶಿವಕುಮಾರಪ್ಪನೋರೆ," ಅಂದ, "ದಿನಾ ಮಾಡ್ದಂಗೆ ಅಂದ್ರೆ? ನಿಮ್ಮನೇಲಿ ಇಷ್ಟು ವರ್ಷ ನಮ್ಗೆ ಬಡಿಸಿದ್ದು ಹಿಂಗೇನಾ?"

"ಬಂದೋರ್ನ ಹಸ್ಕಂಡು ಕಳ್ಸಾಕಾಗುತ್ತೇನಪ್ಪ?"

"ಅದಕ್ಕೆ ಕೇಳ್ತಿಲ್ಲ ನಾನು. ಮೊನ್ನೆ ಸಭೇಲಿ, ಆಯಮ್ಮನಿಗೆ ಮಾಡಾಕೆ ಬರಲ್ಲ ಅಂತ ನೀವೇ ನಕ್ಕಿದ್ದಕ್ಕೆ ಕೇಳ್ದೆ."

ಭಾವ ತಮ್ಮನ ಕಡೆ ನೋಡಿದರು. ನನ್ನ ಗಂಡ ಕಂಬದ ಮರೆಗೆ ಸರಿದರು. ಭಾವ ಕೊನೆಗೆ ಹೆಂಡತಿಯ ಕಡೆಗೇ ತಿರುಗಿ, ದನಿ ಇಳಿಸಿ, "ನನಗಾದ್ರೂ ಒಂದ್ ತಟ್ಟೆ ಹಾಕು, ಹಸಿವಾಗೈತೆ," ಅಂದರು.

"ಅದು ನನ್ ಊಟ," ಅಂದಳು ಅಕ್ಕ.

ಗಂಡ ಹಸಿದು ಎದುರಿಗೆ ನಿಂತಿರುವಾಗ ತಟ್ಟೆ ಎಳೆದುಕೊಂಡ ಹೆಂಗಸನ್ನು ನಮ್ಮೂರಿನವರು ನೋಡಿದ್ದು ಅದೇ ಮೊದಲಿರಬೇಕು. ಅಕ್ಕ ಅನ್ನ ಹಾಕಿಕೊಂಡಳು. ಸಾರು ಬಿಟ್ಟುಕೊಂಡಳು. ನನ್ನ ತಟ್ಟೆಗೂ ಬಡಿಸಿ, ಅಡುಗೆಮನೆಯ ಹೊಸ್ತಿಲ ಒಳಗೆ ಕಾಲು ಮಡಚಿ ಕೂತಳು. ಕಲಸಿದಳು, ಉಂಡಳು.

ಮೇಷ್ಟ್ರು ಬಾಗಿಲಿಗೆ ಬಂದರು. ಒಂದು ಸಲ ಮಂಜಣ್ಣನ ಮುಖ ನೋಡಿದರು. ಮಂಜಣ್ಣ ತಮ್ಮನ ಹೆಂಡತಿಯನ್ನು ಮನಸ್ಸಿನಲ್ಲೇ ಕೈಬಿಟ್ಟು ಹ್ಞೂಂ ಅಂದ.

"ಸೋಮವಾರದಿಂದ ಬನ್ನಿ ಏಕಾಂತಮ್ಮ," ಅಂದರು ಮೇಷ್ಟ್ರು.

ಅಕ್ಕನ ಬಾಯಲ್ಲಿ ತುತ್ತಿತ್ತು. ತಲೆಯಾಡಿಸಿದಳು. ಆ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ ಮೇಲೆ ನನ್ನ ಕಡೆ ಬಾಗಿ, "ನನ್ ಸಾರು ಹಿಂಗಿರುತ್ತೆ ಅನ್ನೋದೇ ನನಗೆ ಮರ್ತೋಗಿತ್ತು ಕಣೆ," ಅಂದಳು.

ಭಾವ ಇನ್ನೂ ಅಲ್ಲೇ ನಿಂತಿದ್ದರು. ಅಕ್ಕ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು ಎರಡನೇ ಸಲ ಬಡಿಸಿಕೊಂಡಳು.